ಹಾವುರಾಣಿಗೊಂದು ಲ್ಯಾಟಿನ್ ಹೆಸರು

ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬೀದಿಯಲ್ಲಿ ಯಾವ ಹುಳ ಹರಿದರೂ, ಯಾವ ಹಲ್ಲಿ ಬಿದ್ದರೂ ಜನ ನನ್ನನ್ನೇ ಕರೀತಾರೆ. ಹಾಗಾಗಿ ಇಂಥ ಪ್ರಸಂಗಗಳು ನನಗೆ ತಪ್ಪಿದ್ದಲ್ಲ.

ಇಟ್ಟ ಹೆಸರು

ಒಂಬತ್ತನೇ ತರಗತಿಯಲ್ಲಿ ಅಮೆರಿಕದ ಮರುಭೂಮಿಯ ವಿಷದ ಹಲ್ಲಿ, ಗಿಲಾ ಮಾನ್‌ಸ್ಟರ್ ಬಗ್ಗೆ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಅದರ ವೈಜ್ಞಾನಿಕ ಹೆಸರು ಬರೆದೆ: ಹೆಲೊಡರ್ಮ ಸಸ್ಪೆಕ್ಟಮ್.

"ಹೆಸರಿಟ್ಟವರಿಗೆ ವಿಷ ಇರಬಹುದು ಅಂತ ಬರೀ ಅನುಮಾನ ಇತ್ತು. ಅದಕ್ಕೇ ಸಸ್ಪೆಕ್ಟಮ್. ವಿಷ ಇರೋದು ನಿಜ ಅಂತ ಆಮೇಲೆ ಗೊತ್ತಾಯ್ತು."

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಗೊತ್ತಾದ್ಮೇಲೆ ಹೆಸರು ತಿದ್ದಲಿಲ್ವಾ ಸಾರ್?"

"ಒಂದ್ಸಲ ಇಟ್ಟ ಮೇಲೆ ತಿದ್ದೋದು ಕಷ್ಟ ಕಣಮ್ಮ."

"ನಮ್ಮಜ್ಜೀದೂ ಹಂಗೇ ಸಾರ್. ರೇಷನ್ ಕಾರ್ಡಲ್ಲಿ ಗಂಡಸು ಅಂತ ಬಿದ್ದಿದೆ. ಇವತ್ತಿಗೂ ಗಂಡಸೇ."

ಮಗ್ಗದ ಮನೆ

ಪಕ್ಕದ ಮನೆಯವರದು ಪವರ್‌ಲೂಮ್. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮಗ್ಗದ ಸದ್ದು ನಿಂತಿತು. ಹೋಗಿ ನೋಡಿದರೆ ಮಾಲೀಕರು ದೊಣ್ಣೆ ಎತ್ತಿ ನಿಂತಿದ್ದಾರೆ. ಮೂಲೆಯಲ್ಲೊಂದು ಹಾವುರಾಣಿ, ಹಾವಿನಂಥ ನುಣುಪು ಮೈಯ ಹಲ್ಲಿ, ಮುದುಡಿಕೊಂಡಿದೆ.

"ಇದು ಕಚ್ಚಿದ್ರೆ ಗಳಿಗೇಲಿ ಪ್ರಾಣ ಹೋಗುತ್ತೆ ಮೇಷ್ಟ್ರೇ."

"ವಿಷಾನೇ ಇಲ್ಲ" ಅಂದೆ. ನಂಬಲಿಲ್ಲ. ಬೇರೇನೂ ತೋಚದೆ, "ಇದು ಯುಟ್ರೋಪಿಸ್ ಕ್ಯಾರಿನೇಟ" ಅಂದೆ.

ದೊಣ್ಣೆ ನಿಧಾನವಾಗಿ ಕೆಳಗಿಳಿಯಿತು. "ಇಷ್ಟುದ್ದ ಹೆಸರಿದೆಯಾ? ಬಿಡಿ ಬಿಡಿ. ಆಮೇಲೆ ಯಾರಾದ್ರೂ ಕೇಳ್ಕೊಂಡು ಬಂದಾರು."

ಅತ್ತೆಯ ಕೊನೆಯ ಮಾತು

ಹಿಂದಿನ ಬೀದಿಯ ಅಜ್ಜಿ ಹಿತ್ತಲಲ್ಲಿ ಸೊಪ್ಪು ಕೀಳುವಾಗ ಹಾವುರಾಣಿ ಬೆರಳು ಕಚ್ಚಿತು. ನಾನು ಹೋಗುವ ಹೊತ್ತಿಗೆ ಅವರು ಚಾಪೆ ಮೇಲೆ ಮಲಗಿ, ತಮ್ಮ ಮದುವೆಯ ರೇಷ್ಮೆ ಸೀರೆ ತೆಗೆಸಿ ಸೊಸೆಯ ಮಡಿಲಿಗೆ ಹಾಕಿಯಾಗಿತ್ತು.

"ಹನ್ನೆರಡು ವರ್ಷದಿಂದ ಒಂದು ಮಾತು ಹೇಳಿರಲಿಲ್ಲ ಕಣೆ. ನಿನ್ನ ಕೈ ಸಾರು ನನ್ನ ಸಾರಿಗಿಂತ ಚೆನ್ನಾಗಿರುತ್ತೆ."

ಸೊಸೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಸಾವಿನ ಭಯಕ್ಕೆ ಬಂತಲ್ಲ ಅಂತ ನಾನು ಬಾಗಿಲಲ್ಲೇ ನಿಂತೆ. ವಿಷ ಇಲ್ಲ ಅಂತ ಹೇಳೋಕೆ ಒಂದು ಕ್ಷಣ ಮನಸ್ಸೇ ಬರಲಿಲ್ಲ.

ಕೊನೆಗೆ ಕೇಳಿದೆ, "ಕಚ್ಚಿದ್ದನ್ನ ಸರಿಯಾಗಿ ನೋಡಿದ್ರಾ?"

"ನೋಡ್ದೆ ಕಣಪ್ಪ. ನಾಲ್ಕು ಕಾಲು. ಹಾವುರಾಣೀನೇ."

"ಹಾಗಿದ್ರೆ ಏನೂ ಆಗಲ್ಲ. ಸೋಪು ಹಾಕಿ ತೊಳ್ಕೊಂಡು, ಆಸ್ಪತ್ರೇಲಿ ಒಂದು ಟಿಟಿ ಇಂಜೆಕ್ಷನ್ ಹಾಕಿಸ್ಕೊಳ್ಳಿ, ಸಾಕು."

ಅಜ್ಜಿ ಎದ್ದು ಕೂತರು. ಸೊಸೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು, "ಅತ್ತೆ, ಸಾರಿನ ಮಾತು ನಿಜ ತಾನೆ?"

ಅಜ್ಜಿ ಬೆರಳು ನೋಡಿಕೊಳ್ಳುತ್ತಾ ಹೇಳಿದರು, "ನಿಜಾನೇ ಕಣೆ. ಆ ಮಾತು ನೀನೇ ಇಟ್ಕೊ. ಸೀರೆ ಮಾತ್ರ ವಾಪಸ್ ಪೆಟ್ಟಿಗೇಲಿಡು."