ಮೊಲದ ಉಪವಾಸ ವ್ರತ

ಮಾವನಾದವರು ಮಗಳನ್ನು ಕೊಟ್ಟು ಸುಮ್ಮನಾಗಬೇಕು, ಮೊಲವನ್ನೂ ಕೊಡಬಾರದು. ಗೊಝೊ ದ್ವೀಪದ ಹಡಗುಕಟ್ಟೆಯಲ್ಲಿ ಟಿಕೆಟು ಹರಿಯುವ ಸ್ಪಿರುವಿಗೆ ಈ ಜ್ಞಾನೋದಯವಾದದ್ದು, ಮಾವ ವಿಸ್ತಿನ್ ಜೀವಂತ ಮೊಲವೊಂದನ್ನು ಅವನ ತೋಳಿಗೆ ತುರುಕಿದಾಗ.

"ಭಾನುವಾರ ಊಟಕ್ಕೆ ಬರ್ತೀನಿ, ಅಳಿಯಾ. ನೀನೇ ಕೊಯ್ದು, ನೀನೇ ತೊಳೆದು, ವೈನು ಬೆಳ್ಳುಳ್ಳಿ ಹಾಕಿ ಬೇಯಿಸ್ಬೇಕು. ನನ್ನ ಮಗಳು ಗಂಡಸನ್ನ ಕಟ್ಕೊಂಡಿದಾಳೋ ಇಲ್ವೋ ಅವತ್ತು ಗೊತ್ತಾಗುತ್ತೆ."

ಕೊಯ್ಯುವುದಿರಲಿ, ಕರುಳು ತೆಗೆಯುವುದನ್ನು ನೆನೆದೇ ಸ್ಪಿರುವಿಗೆ ತಲೆ ಸುತ್ತಿತು. (ಮೀನು ಕಣ್ಣು ಬಿಟ್ಟು ನೋಡಿದರೂ ಕ್ಷಮೆ ಕೇಳುವ ಪ್ರಾಣಿ ಅವನು.) ಆಗ ಹೊಳೆಯಿತೊಂದು ಮಹೋಪಾಯ. ಅಮ್ಮ ಬಸವನಹುಳುಗಳನ್ನು ಬೇಯಿಸುವ ಮುನ್ನ ಉಪವಾಸ ಕೆಡವಿ ಹೊಟ್ಟೆ ಖಾಲಿ ಮಾಡಿಸುತ್ತಿರಲಿಲ್ಲವೇ? ಮೊಲಕ್ಕೂ ಅದೇ ಶಾಸ್ತ್ರ, ಕರುಳು ಖಾಲಿಯಾದರೆ ಹೊಲಸೇ ಇರದು! ಶನಿವಾರ ಬೆಳಿಗ್ಗೆಯಿಂದ ಹುಲ್ಲು ಬಂದ್, ನೀರು ಮಾತ್ರ.

ಭಾನುವಾರ ನಸುಕಿನಲ್ಲಿ ಮೊಲದ ಹೊಟ್ಟೆ ಒತ್ತಿ ನೋಡಿದ. ಮದುವೆಯೂಟ ಮುಗಿಸಿದ ಪಾದ್ರಿಯ ಹೊಟ್ಟೆಯಂತೆ ಗುಂಡಗಿತ್ತು.

"ಡೋರಿಸ್! ಕದ್ದು ತಿನ್ನಿಸಿದೀಯ!" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಾನ್ಯಾಕೆ ತಿನ್ನಿಸ್ಲಿ? ನೀನೇ ಕರಗಿ ಕ್ಯಾರೆಟ್ಟು ಕೊಟ್ಟಿರ್ತೀಯ."

"ಮತ್ತೆ ಹೊಟ್ಟೆಯೊಳಗೇನಿದೆ, ಗಾಳಿನಾ?"

"ಹೆಂಡತೀನೇ ಕಳ್ಳಿ ಅಂತೀಯಾ? ಕೂತ್ಕೋ ಇಲ್ಲಿ. ಇಬ್ರೂ ಕಾಯೋಣ."

ಗೂಡಿನ ಮುಂದೆ ಇಬ್ಬರೂ ಚಕ್ಕಂಬಕ್ಕಳ ಹಾಕಿ ಕುಳಿತರು. ಸ್ವಲ್ಪ ಹೊತ್ತಿಗೆ ಮೊಲ ಸಾವಕಾಶವಾಗಿ ಬಗ್ಗಿ, ಹಿಂಗಾಲುಗಳ ನಡುವೆ ಮುಖ ತೂರಿಸಿ, ಹೊರಬರುತ್ತಿದ್ದ ಮೆತ್ತನೆಯ ಹಿಕ್ಕೆಯನ್ನು ನೆಲ ಮುಟ್ಟಲೂ ಬಿಡದೆ ಗುಳುಂ ಮಾಡಿತು. ಹೊರಗೆ ಹೊರಟದ್ದು ಮತ್ತೆ ಒಳಗೆ! ಇಂಥ ಸ್ವಾವಲಂಬಿಯನ್ನು ಯಾವ ಉಪವಾಸ ತಾನೇ ಖಾಲಿ ಮಾಡೀತು?

ಡೋರಿಸ್ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಹುಲ್ಲು ಹಾಕಿದಳು, ತಲೆ ಸವರಿದಳು, "ಪಾಪ, ನನ್ನ ಫೀನಾ" ಎಂದಳು. ಹೆಸರಿಟ್ಟಾಯಿತು, ಇನ್ನು ಕೊಯ್ಯುವುದುಂಟೇ? (ಸ್ಪಿರು ಬಹಳ ಬೇಸರದ ಮುಖ ಮಾಡಿ, ಒಳಗೊಳಗೇ ದೇವರಿಗೆ ಮೇಣದಬತ್ತಿ ಹರಸಿಕೊಂಡ.)

ಮಧ್ಯಾಹ್ನ ಮಾವ ಬಂದು ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಕೊಂಡು ಕುಳಿತರು. ಮೇಜಿನ ಮೇಲೆ ಬ್ರೆಡ್ಡು, ಟೊಮೆಟೊ, ಆಲಿವ್ ಎಣ್ಣೆ.

"ಮೊಲ ಎಲ್ಲಿ?"

"ನಿಮ್ಮ ಕಾಲ ಹತ್ರಾನೇ ಇದೆ, ಮಾವ. ಎಲೆಕೋಸು ತಿಂತಾ ಇದೆ."

ಸ್ಪಿರು ತಡವರಿಸುತ್ತ ವ್ರತಭಂಗದ ಕಥೆಯನ್ನೆಲ್ಲ ಒಪ್ಪಿಸಿದ.

"ಅಯ್ಯೋ ಪೆದ್ದೇ! ಮೊಲದ ಹೊಟ್ಟೆ ಉಪವಾಸಕ್ಕೆಲ್ಲ ಬರಿದಾಗಲ್ಲ ಕಣೋ. ಈ ಊಟಕ್ಕೆ ಅಂತ ನಾನು ನಿನ್ನೆಯಿಂದ ಏನೂ ಮುಟ್ಟಿಲ್ಲ. ನಿನ್ನ ಉಪವಾಸ ಫಲಿಸಿರೋದು ನನ್ನ ಹೊಟ್ಟೇಲಿ! ಈಗ ಯಾರನ್ನ ಕೊಯ್ಯೋಣ, ನೀನೇ ಹೇಳು" ಎನ್ನುತ್ತ ಮಾವ ಬ್ರೆಡ್ಡಿನ ಚಾಕು ಎತ್ತಿಕೊಂಡು, ಅಳಿಯನ ಗುಂಡು ಹೊಟ್ಟೆಯನ್ನೇ ದಿಟ್ಟಿಸತೊಡಗಿದರು.