ಪಾಠ ಮಾಡುವವರನ್ನೇ ಕೇಳಬೇಕು

ಕ್ಲಾಸು ಹತೋಟಿಗೆ ಬಂತು ಅಂತ ಯಾವತ್ತು ಟೀಚರು ನೆಮ್ಮದಿಯಿಂದ ಕುರ್ಚಿಗೆ ಒರಗುತ್ತಾರೋ, ಅವತ್ತೇ ಏನಾದರೊಂದು ಆಗುತ್ತದೆ. ನನಗಂತೂ ಆಗುತ್ತಲೇ ಇತ್ತು. ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿದ್ದ ಹೊಸತು. ಗುಂಡ್ಲುಪೇಟೆಯವಳಾದ ನನಗೆ ಹರವೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ನನ್ನ ಪಾಲಿಗೆ ಬಂದದ್ದು ನಾಲ್ಕನೇ ಕ್ಲಾಸು.

ಮೊದಲ ದಿನವೇ ಹೆಡ್‌ಮೇಷ್ಟ್ರು ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು ಬುದ್ಧಿ ಹೇಳಿದರು: "ನೋಡಿ ತಾಯಿ, ಪಾಠ ಒಸಿ ಹಿಂದೆಮುಂದೆ ಆದ್ರೆ ಚಿಂತೆ ಇಲ್ಲ. ಗಲಾಟೆ ಮಾತ್ರ ಆಗ್ಬಾರ್ದು. ಇನ್ಸ್‌ಪೆಕ್ಟ್ರು ಬಂದು 'ಕ್ಲಾಸು ಹತೋಟಿಲಿ ಇಲ್ಲ' ಅಂತ ಬರೆದ್ಬುಟ್ರೆ ನಿಮ್ಮ ಪ್ರೊಬೇಷನ್ ಮುಂದಕ್ಕೋಯ್ತದೆ. ನಿಮಗಿಂತ ಮುಂಚೆ ಇದ್ದೋರಿಗೆ ಹಂಗೇ ಆಯ್ತು."

ಕೆಲಸ ಕಾಯಂ ಆದರೆ ಸಾಕು ಎಂದು ಮನೆಯವರೆಲ್ಲ ಕಾಯುತ್ತಿದ್ದರು. ಅವತ್ತಿನಿಂದ ನನಗೆ ಕನಸಿನಲ್ಲೂ ಇನ್ಸ್‌ಪೆಕ್ಟರೇ ಬರತೊಡಗಿದರು.

೧. ಬೋರ್ಡಿನ ಮೇಲಿನ ಹೆಸರು

ಮೊದಲು ಹಿಡಿದದ್ದು ಎಲ್ಲರಿಗೂ ಗೊತ್ತಿರುವ ದಾರಿ. ಒಬ್ಬಳನ್ನು ಲೀಡರ್ ಮಾಡಿ, ನಾನಿಲ್ಲದಾಗ ಯಾರು ಮಾತಾಡಿದರೂ ಬೋರ್ಡಿನ ಮೇಲೆ ಹೆಸರು ಬರೆಯಬೇಕು, ಮತ್ತೆ ಮತ್ತೆ ಮಾತಾಡಿದವರ ಹೆಸರಿನ ಮುಂದೆ ಗುಣಿಸು ಚಿಹ್ನೆ ಹಾಕುತ್ತಾ ಹೋಗಬೇಕು ಎಂದೆ. ಆ ಹುಡುಗಿ ಸೀಮೆಸುಣ್ಣ ಹಿಡಿದು ನಿಂತರೆ ಸ್ವಂತ ತಮ್ಮನನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದು ಮಾತಿಗೆ ನಿಂತರು. ಬಿಸಿಯೂಟದ ಬೇಳೆ, ಚಾಮರಾಜನಗರದ ಮೀಟಿಂಗು, ಅವರ ಮಂಡಿನೋವು, ಎಲ್ಲ ಮುಗಿಯುವ ಹೊತ್ತಿಗೆ ಪೀರಿಯಡ್ ಅರ್ಧ ಕಳೆದಿತ್ತು. ಒಳಗೆ ಮಾತ್ರ ಸದ್ದೇ ಇಲ್ಲ. ಹೆಮ್ಮೆಯಿಂದ ಅವರನ್ನು ಒಳಗೆ ಕರೆದೆ. ಬೋರ್ಡಿನ ಮೇಲೆ ಎರಡೇ ಹೆಸರು. "ಮಿಸ್ಸು" ಅಂತ ಒಂದು. "ಹೆಡ್‌ಮೇಷ್ಟ್ರು" ಅಂತ ಇನ್ನೊಂದು. ಅವರ ಹೆಸರಿನ ಮುಂದೆ ಗುಣಿಸು ಚಿಹ್ನೆ ಬೋರ್ಡಿನ ಕಟ್ಟಿನ ತನಕ ಹೋಗಿತ್ತು.

ನನಗೆ ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೆಡ್‌ಮೇಷ್ಟ್ರು ಕನ್ನಡಕ ಏರಿಸಿ ನಿಧಾನವಾಗಿ ಓದಿ, ಲೀಡರ್ ಕಡೆ ತಿರುಗಿದರು. "ಕಡೇವು ಎರಡು ಅಳಿಸಮ್ಮಿ. ಅದು ಮಾತಲ್ಲ, ಕೆಮ್ಮಿದ್ದು."

೨. ವರಾಂಡದ ಅಜ್ಜಿ

ಮಕ್ಕಳಿಗೆ ಹೊಡೆಯಬಾರದು ಎಂದು ಮೇಲಿನಿಂದ ಆದೇಶ. ಊರವರದ್ದು ಬೇರೆಯದೇ ಆದೇಶ. ಒಬ್ಬ ಅಜ್ಜಿ ಮೊಮ್ಮಗನನ್ನು ರಟ್ಟೆ ಹಿಡಿದು ಎಳೆದು ತಂದು, ಜೊತೆಗೆ ಒಂದು ಹುಣಸೆ ಬರಲನ್ನೂ ನನ್ನ ಮೇಜಿನ ಮೇಲಿಟ್ಟಿತು. "ಮಿಸ್ಸೇ, ಕಣ್ಣೊಂದ ಬುಟ್ಟು ಎಲ್ಲಿಗಾರ ಬಾರ್ಸಿ. ನಾ ಏನೂ ಅನ್ನಕಿಲ್ಲ."

"ಹೊಡೆಯೋ ಹಾಗಿಲ್ಲ ಅಜ್ಜಿ" ಎಂದು ಬರಲು ವಾಪಸು ಕೊಟ್ಟೆ. ಅಜ್ಜಿ ಬೇಜಾರಾಗಿ ವರಾಂಡದಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟತೊಡಗಿತು. ಮೊಮ್ಮಗ ಒಳಗೆ ಪಕ್ಕದವನ ಸ್ಲೇಟಿಗೆ ಎಂಜಲು ಹಚ್ಚಿದ. "ಏಯ್, ಸುಮ್ನೆ ಕೂತ್ಕೋ" ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಅಷ್ಟೆ. ಕುಟ್ಟಾಣಿ ನಿಂತಿತು. ಅಜ್ಜಿ ಬಾಗಿಲಲ್ಲಿ ಪ್ರತ್ಯಕ್ಷ.

"ಏನವ್ವ, ಕೂಸ್ನ ಅಂಗ ಗದರ್ಸೀಯಲ್ಲ! ಎದ್ರುಕಂಡು ಜ್ವರಗಿರ ಬಂದ್ರೆ ಯಾರು ನೋಡದು?"

ಮಾರನೆಯ ದಿನದಿಂದ ಅಜ್ಜಿ ಕ್ಲಾಸಿನ ಹಿಂದೆಯೇ ಬಂದು ಕೂತಿತು, ನನ್ನ ಮೇಲೆ ಕಣ್ಣಿಡಲು. ಆದರೆ ಮೊಮ್ಮಗನ ಕಡೆ ಯಾರಾದರೂ ತಿರುಗಿದರೆ ಸಾಕು, ಕುಟ್ಟಾಣಿ ಎತ್ತಿ ತೋರಿಸುತ್ತಿತ್ತು. ಮಕ್ಕಳು ಉಸಿರು ಬಿಡಲೂ ಹೆದರಿದರು. ನಾನು ಒಂದು ವಾರ ಸೊಗಸಾಗಿ ಪಾಠ ಮಾಡಿದೆ. ಆಮೇಲೆ ಕಳೆ ಕೀಳುವ ಕಾಲ ಬಂತು, ಅಜ್ಜಿ ಹೊಲಕ್ಕೆ ಹೋಯಿತು, ಕ್ಲಾಸು ಮತ್ತೆ ಸಂತೆಯಾಯಿತು. ಸಂಜೆ ಆ ಹುಡುಗನನ್ನು ಮರೆಗೆ ಕರೆದು ಕೇಳಿದೆ, "ಕಳೆ ಯಾವತ್ತಿಗೆ ಮುಗಿಯುತ್ತೋ?"

೩. ಕಿರುಬೆರಳು

ಒಂದಕ್ಕೆ ಹೋಗಬೇಕಾದರೆ ಕಿರುಬೆರಳು, ಎರಡಕ್ಕೆ ಎರಡು ಬೆರಳು. ಇದು ಎಲ್ಲ ಶಾಲೆಗಳ ಪದ್ಧತಿ. ನಮ್ಮ ಶಾಲೆಯ ಹಿಂದೆ ಒಂದು ಹುಣಸೆಮರ ಇದ್ದದ್ದರಿಂದ, ಕಾಯಿ ಬಿಡುವ ಕಾಲದಲ್ಲಿ ನಮ್ಮಲ್ಲಿ ಕಿರುಬೆರಳು ಸ್ವಲ್ಪ ಜಾಸ್ತಿ.

ಒಂದು ದಿನ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಕ್ಲಾಸು ಖಾಲಿ. ಬಾಯಿ ತುಂಬ ಹುಣಸೆಕಾಯಿ ತುಂಬಿಕೊಂಡು ಬಂದವರನ್ನು ಸಾಲಾಗಿ ನಿಲ್ಲಿಸಿದೆ. "ಯಾರನ್ನ ಕೇಳಿ ಹೋದಿರಿ?"

"ಪೋಸ್ಟಣ್ಣನ್ನ ಕೇಳುದ್ವಿ ಮಿಸ್. ಓಗಿ ಅಂದ್ರು."

ದಾರಿಯಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಪೋಸ್ಟ್‌ಮ್ಯಾನ್‌ಗೆ ಕಿಟಕಿಯಿಂದ ಕಿರುಬೆರಳು ತೋರಿಸಿದ್ದರು. ಅವರೂ ಪಾಪ, ಒಳ್ಳೆಯ ಮನುಷ್ಯ. ಹಿಂದಿನ ದಿನ ಅಡುಗೆಯವರು ಒಪ್ಪಿಗೆ ಕೊಟ್ಟಿದ್ದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಹೊಸ ಕಾನೂನು ಮಾಡಿದೆ. "ಯಾರು ಪಾಠ ಮಾಡ್ತಿರ್ತಾರೋ ಅವರನ್ನೇ ಕೇಳಬೇಕು. ಅವರು ಹೇಳಿದ ಹಾಗೇ ಮಾಡಬೇಕು. ಬೇರೆ ಯಾರು ಹೇಳಿದರೂ ಜಾಗ ಬಿಟ್ಟು ಏಳಬಾರದು." ದಿನಾ ಪ್ರಾರ್ಥನೆ ಆದಮೇಲೆ ಮಗ್ಗಿಯಂತೆ ಹೇಳಿಸಿದೆ. ಕಾನೂನು ಎಷ್ಟು ಚೆನ್ನಾಗಿ ಹಿಡಿಯಿತೆಂದರೆ, ಒಂದು ಮಧ್ಯಾಹ್ನ ಹೆಡ್‌ಮೇಷ್ಟ್ರು ಬಂದು "ಊಟಕ್ಕೆ ನಡೀರ್ಲಾ" ಎಂದಾಗ ಒಬ್ಬರೂ ಏಳಲಿಲ್ಲ. ನನ್ನನ್ನು ಹುಡುಕಿಕೊಂಡು ಬಂದ ಹೆಡ್‌ಮೇಷ್ಟ್ರು ಕೈಮುಗಿದರು. "ಒಸಿ ಬಂದು ಅಪ್ಪಣೆ ಕೊಡಿ ತಾಯಿ. ಸಾರು ಆರೋಯ್ತಾ ಅದೆ."

೪. ಡಬ್ಬದೊಳಗಿನ ಮೇಡಂ

ಆಮೇಲೆ ಶಾಲೆಗೆ ಟಿವಿ ಬಂತು, ಮಾಡಿನ ಮೇಲೆ ತಟ್ಟೆಯಂಥ ದೊಡ್ಡ ಆಂಟೆನಾ ಕೂತಿತು. ದೂರದಲ್ಲೆಲ್ಲೋ ಒಬ್ಬರು ಮೇಡಂ ಪಾಠ ಮಾಡಿದರೆ ನಮ್ಮೂರಲ್ಲಿ ಕಾಣುತ್ತದೆ, ಅದನ್ನು ಮಕ್ಕಳು ಗಲಾಟೆಯಿಲ್ಲದೆ ನೋಡುವಂತೆ ಮಾಡುವುದು ನನ್ನ ಕೆಲಸ. ಅದನ್ನೇ ನೋಡಲು ಇನ್ಸ್‌ಪೆಕ್ಟರು ಬಂದರು.

ಹೆಡ್‌ಮೇಷ್ಟ್ರು ಉಪಚಾರದಲ್ಲಿ ಕಮ್ಮಿ ಮಾಡಲಿಲ್ಲ. ಒಂದು ಎಳನೀರು ಕುಡಿಸಿ, ಬೇಡ ಬೇಡ ಎಂದರೂ ಇನ್ನೊಂದು ಕುಡಿಸಿ, ಇನ್ಸ್‌ಪೆಕ್ಟರನ್ನು ಕ್ಲಾಸಿನ ಹಿಂದೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಟಿವಿಯಲ್ಲಿ ಮೇಡಂ ಬಂದರು. ಮಕ್ಕಳು ಎದ್ದು "ನಮಸ್ಕಾರಾ ಮೇಡಂ" ಎಂದರು. "ಕುಳಿತುಕೊಳ್ಳಿ ಮಕ್ಕಳೇ" ಎಂದರು ಮೇಡಂ, ಸರಿಯಾದ ಹೊತ್ತಿಗೆ. ಇನ್ಸ್‌ಪೆಕ್ಟರ ಹುಬ್ಬು ಮೇಲೇರಿತು. ನನಗೆ ಜೀವ ಬಂತು.

ಪಾಠ ಎಲೆಗಳ ಬಗ್ಗೆ. ಸ್ವಲ್ಪ ಹೊತ್ತಾದ ಮೇಲೆ ಮೇಡಂ, "ಈಗ ಎಲ್ಲರೂ ಹೊರಗೆ ಹೋಗಿ ಒಂದೊಂದು ಎಲೆ ತನ್ನಿ" ಎಂದರು. ಹೇಳಿದ್ದೇ ತಡ, ನಮ್ಮ ಕ್ಲಾಸು ಎದ್ದು, ಸಾಲಾಗಿ, ತುಟಿ ಪಿಟಕ್ಕೆನ್ನದೆ ಹೊರಟಿತು. ನಾನು ಬಾಗಿಲಿಗೆ ಅಡ್ಡ ನಿಂತು ಪಿಸುಗುಟ್ಟಿದೆ, "ಕೂತ್ಕೊಳ್ರೋ, ಸಾಹೇಬರಿದ್ದಾರೆ!"

ಲೀಡರ್ ಹುಡುಗಿ ತಣ್ಣಗೆ ಹೇಳಿದಳು, "ನೀವು ಪಾಠ ಮಾಡ್ತಿಲ್ವಲ್ಲ ಮಿಸ್."

ಕ್ಲಾಸು ಬರಿದಾಯಿತು. ಉಳಿದದ್ದು ಟಿವಿ ಮುಂದೆ ನಾವು ಮೂವರು. "ತಂದಿರಾ? ಶಭಾಷ್! ನಿಮ್ಮ ಎಲೆಯನ್ನು ಪಕ್ಕದವರಿಗೆ ತೋರಿಸಿ" ಎಂದರು ಮೇಡಂ. ಇನ್ಸ್‌ಪೆಕ್ಟರು ಹೆಡ್‌ಮೇಷ್ಟ್ರ ಮುಖ ನೋಡಿದರು. ಹೆಡ್‌ಮೇಷ್ಟ್ರು ಗಾಬರಿಯಲ್ಲಿ ಜೇಬಿಗೆ ಕೈಹಾಕಿ, ಒಂದು ವೀಳ್ಯದೆಲೆ ತೆಗೆದು ತೋರಿಸಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ.

ಮಕ್ಕಳು ಹುಣಸೆ ಸೊಪ್ಪು, ಹೊಂಗೆ ಎಲೆ ಹಿಡಿದು, ಹೋದ ಹಾಗೆಯೇ ಸಾಲಾಗಿ ಬಂದು ಕೂತರು. ಅಷ್ಟು ಹೊತ್ತಿಗೆ ಎಳನೀರು ತನ್ನ ಕೆಲಸ ಶುರು ಮಾಡಿತ್ತು. ಇನ್ಸ್‌ಪೆಕ್ಟರು ಕಾಲ ಮೇಲೆ ಕಾಲು ಹಾಕಿದರು, ಬದಲಾಯಿಸಿದರು, ಕಡೆಗೆ ಮೆಲ್ಲಗೆ ಎದ್ದರು. ಲೀಡರ್ ಹುಡುಗಿಯೂ ಎದ್ದಳು. "ಸಾ, ಮೇಡಂನ ಕೇಳ್ಬುಟ್ಟು ಓಗಿ."

ಇಡೀ ಕ್ಲಾಸು ಹಿಂದಕ್ಕೆ ತಿರುಗಿ ಅವರನ್ನೇ ನೋಡಿತು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಆಗ ಆ ದೊಡ್ಡ ಮನುಷ್ಯ ಟಿವಿ ಕಡೆ ಕಿರುಬೆರಳು ಎತ್ತಿದರು. ಮೇಡಂ ಕೈಯಲ್ಲಿದ್ದ ಎಲೆ ಕೆಳಗಿಟ್ಟು, ನೇರವಾಗಿ ನೋಡಿ ಹೇಳಿದರು: "ಪಾಠ ಇನ್ನೂ ಮುಗಿದಿಲ್ಲ ಮಕ್ಕಳೇ. ಯಾರೂ ಏಳಬೇಡಿ."

ಇನ್ಸ್‌ಪೆಕ್ಟರು ಕೂತರು.

ಪಾಠ ಮುಗಿದು ಮೇಡಂ ಮರೆಯಾಗುತ್ತಲೇ ಅವರು ಬಾಗಿಲ ಕಡೆ ದಾಪುಗಾಲು ಹಾಕಿದರು. ಹಿಂದೆಯೇ ಓಡಿದೆ. "ಸಾರ್, ನನ್ನ ಪ್ರೊಬೇಷನ್ನು..."

"ಎರಡು ಎಳನೀರು ಕುಡಿದವನನ್ನ ಅಲ್ಲಾಡದ ಹಾಗೆ ಕೂರಿಸಿದೆಯಲ್ಲಮ್ಮ!" ಎಂದರು, ನಿಲ್ಲದೆ. "ಕ್ಲಾಸು ಹತೋಟಿಯಲ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಕಾಯಂ ಆಯ್ತು ಅಂದ್ಕೋ. ಈಗ ದಾರಿ ಬಿಡು!"