ಬಕೆಟ್ಟಿನಲ್ಲಿ ಇಳಿದ ಊಟ

ನೀಲಿ ನೈಲಾನ್ ಹಗ್ಗ, ಅದರ ತುದಿಗೆ ಹಳದಿ ಬಕೆಟ್ಟು, ಬಕೆಟ್ಟಿನ ಹಿಡಿಗೆ ಸುತ್ತಿದ ಹಳೆಯ ಟವೆಲ್ಲಿನ ಚೂರು. ಒಳಗೊಂದು ಸ್ಟೀಲ್ ಡಬ್ಬ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ‘ಐರಿನ್, ಮಸ್ಕತ್’. ಇಷ್ಟೂ ಒಂದು ಮಧ್ಯಾಹ್ನ ಆಕಾಶದಿಂದ ನನ್ನ ಬಾಗಿಲ ಮುಂದೆ ನಿಧಾನವಾಗಿ ಇಳಿದು ಬಂತು. ಆಕಾಶ ಎಂದರೆ ಮೇಲಿನ ಮನೆಯ ವೆರಾಂಡ. ಅಲ್ಲಿಂದ, ಕೊಂಕಣಿಯಲ್ಲಿ ‘ಹುಡುಗೀ’ ಎಂದು ಕರೆಯುತ್ತ, ಒಂದು ದನಿಯೂ ಇಳಿಯಿತು: “ಬಾಯೆ, ಕಡಲೆ ಸುಕ್ಕ ಉಂಟು, ನೀರುದೋಸೆ ಉಂಟು. ತೆಕ್ಕೊಂಡು ಹಗ್ಗ ಬಿಡು, ಇಲ್ಲದಿದ್ರೆ ನಾನೇ ಕೆಳಗೆ ಬೀಳ್ತೇನೆ!”

ನಾನು ಯಾರಿಂದಲೂ ಏನನ್ನೂ ಕೇಳುವವಳಲ್ಲ. ಬಸ್ಸಿನಲ್ಲಿ ಪಕ್ಕದವರ ಕಡೆಯ ಕಿಟಕಿ ತೆರೆಯಬೇಕಾಗಿದ್ದರೆ, ತೆರೆಯಿರಿ ಎನ್ನುವ ಬದಲು ಇಳಿಯುವವರೆಗೂ ಬೆವರುತ್ತ ಕೂರುತ್ತೇನೆ. ಇದನ್ನು ಸ್ವಾವಲಂಬನೆ ಎಂದು ಬಹಳ ಕಾಲ ನಂಬಿದ್ದೆ. ಹಾಸ್ಟೆಲಿನ ಗೆಳತಿಯರು ಇದಕ್ಕೆ ಬೇರೆ ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇಂಥವಳ ಊಟ ಹಾಡಹಗಲೇ, ಎದುರುಮನೆಯವರು ನಾಯಿಯನ್ನು ನಿಲ್ಲಿಸಿಕೊಂಡು ನೋಡುತ್ತಿರುವಾಗ, ಬಾವಿಗೆ ಕೊಡ ಇಳಿಸಿದ ಹಾಗೆ ಇಳಿದು ಬಂದರೆ ಅವಳ ಸ್ಥಿತಿ ಏನಾಗಬೇಕು ಹೇಳಿ.

ಕೊರೊನಾ ಶುರುವಾದ ಹೊಸತು. ತುಮಕೂರಿನಲ್ಲಿ ಅಕ್ಕನ ಮದುವೆ ಮುಗಿಸಿಕೊಂಡು ನಾನು ಬ್ರಿಸ್ಬೇನ್‌ಗೆ ಹಿಂತಿರುಗುವಷ್ಟರಲ್ಲಿ, ಹೊರದೇಶದಿಂದ ಬಂದವರೆಲ್ಲ ಹದಿನಾಲ್ಕು ದಿನ ಮನೆ ಬಿಟ್ಟು ಹೊರಡಬಾರದೆಂಬ ನಿಯಮ ಬಂದಿತ್ತು. ಸೇಂಟ್ ಲೂಸಿಯಾದ ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎತ್ತರದ ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆಯೊಂದರ ಕೆಳಗಿನ ಕೋಣೆ ನನ್ನದು. ಮೇಲಿರುವವರು ಮನೆಯ ಯಜಮಾನರಾದ ವಿನ್ಸೆಂಟ್ ಅಂಕಲ್ ಮತ್ತು ಐರಿನ್ ಆಂಟಿ. ಮಂಗಳೂರಿನ ಕಡೆಯವರು, ಅರ್ಧ ಆಯುಷ್ಯ ಮಸ್ಕತ್ತಿನಲ್ಲಿ ದುಡಿದು ಇಲ್ಲಿಗೆ ಬಂದು ನೆಲೆಸಿದವರು. ಅಂಕಲ್‌ಗೆ ಹೃದಯದ ಆಪರೇಶನ್ ಆಗಿ ವರ್ಷ ತುಂಬಿರಲಿಲ್ಲ, ಜೊತೆಗೆ ಸಕ್ಕರೆ ಕಾಯಿಲೆ. ನಾನೋ ಬೆಂಗಳೂರು, ಸಿಂಗಪುರದ ವಿಮಾನ ನಿಲ್ದಾಣಗಳ ಗಾಳಿಯನ್ನೆಲ್ಲ ಕುಡಿದು ಬಂದವಳು. ನಮ್ಮಿಬ್ಬರ ನಡುವೆ ಇದ್ದದ್ದು ಸಂದು ಬಿಟ್ಟ ಮರದ ಹಲಗೆಗಳ ಒಂದು ನೆಲ. ನನ್ನಿಂದ ಅಂಕಲ್‌ಗೆ ಏನಾದರೂ ತಗುಲಿದರೆ? ಆ ಹದಿನಾಲ್ಕು ದಿನ ನನ್ನ ತಲೆಯಲ್ಲಿದ್ದ ಯೋಚನೆ ಇದೊಂದೇ.

ಊರಿಗೆ ಊರೇ ಆಗ ಬೇರೆ ಯೋಚನೆಯಲ್ಲಿತ್ತು. ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿರುವ ಗೆಳತಿ ಫೋನ್ ಮಾಡಿ, “ಲೇ, ಇಲ್ಲಿ ಟಾಯ್ಲೆಟ್ ಪೇಪರ್‌ಗೆ ಇಬ್ರು ಹೆಂಗಸರು ಟ್ರಾಲಿ ಗುದ್ದಾಡಿಕೊಂಡ್ರು ಕಣೇ, ನಾನು ಅಕ್ಕಿ ತಗೊಳೋಕೆ ಹೋಗಿದ್ದು ಮರೆತು ನೋಡ್ತಾ ನಿಂತ್ಬಿಟ್ಟೆ,” ಎಂದಳು. ನನಗೆ ನಗಬೇಕೋ ಅಡಗಬೇಕೋ ತಿಳಿಯಲಿಲ್ಲ. ಏಕೆಂದರೆ ಊರಿಗೆ ಹೋಗುವ ಮುಂಚೆ ಅರ್ಧ ಬೆಲೆಗೆ ಸಿಕ್ಕಿತೆಂದು ನಾನೊಂದು ದೊಡ್ಡ ಕಟ್ಟು ಕೊಂಡಿಟ್ಟಿದ್ದೆ. ನಾನು ಚೊಂಬಿನ ಪರಂಪರೆಯವಳಾದ್ದರಿಂದ ಅದು ಕರಗಿಯೇ ಇರಲಿಲ್ಲ. ಏನೂ ಮಾಡದೆ ನಾನು ನಮ್ಮ ಬೀದಿಯ ಅತ್ಯಂತ ಶ್ರೀಮಂತಳಾಗಿದ್ದೆ. ಇನ್ನೊಂದು ಕಡೆ, ನಾನು ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ತಿಳಿದಿದ್ದ ಬಂಧುಗಳೆಲ್ಲ ಫೋನ್ ಮಾಡತೊಡಗಿದರು. ಕೊತ್ತಂಬರಿ ಸೊಪ್ಪಿಗೆ ಸೋಪು ಹಾಕಬೇಕೆ, ಪೇಪರ್ ಇಸ್ತ್ರಿ ಮಾಡಿ ಓದಿದರೆ ಸಾಕೆ ಎಂದು ಕೇಳಿದರು. ನನಗೆ ಗೊತ್ತಿರುವುದು ಹಾಲು ಮೊಸರಾಗುವ ವಿಷಯವೊಂದೇ ಎಂದರೆ, ಸರ್ಕಾರ ಬಾಯಿ ಕಟ್ಟಿಸಿದೆ ಎಂದು ಅರ್ಥ ಮಾಡಿಕೊಂಡರು.

ನನ್ನ ನಿಜವಾದ ಕಷ್ಟ ಶುರುವಾದದ್ದು ಡಬ್ಬ ಖಾಲಿಯಾದ ಮೇಲೆ. ಯಾರಾದರೂ ತಿಂಡಿ ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬುದು ನಮ್ಮ ಮನೆಯಲ್ಲಿ ಹಲ್ಲುಜ್ಜುವಷ್ಟೇ ಸಹಜವಾದ ನಿಯಮ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಎರಡು ಬಾಳೆಹಣ್ಣು, ಕೊನೆಗೆ ಒಂದು ಹಿಡಿ ಅಕ್ಕಿ. ಆದರೆ ನಾನು ಮುಟ್ಟಿದ ಯಾವುದನ್ನೂ ಮೇಲೆ ಕಳಿಸಬಾರದೆಂಬುದು ನನ್ನ ಓದು ಹೇಳುವ ನಿಯಮ. ಖಾಲಿ ಕಳಿಸಿದರೆ ಆಂಟಿಗೆ ಅವಮಾನ, ತುಂಬಿ ಕಳಿಸಿದರೆ ಅಂಕಲ್‌ಗೆ ಅಪಾಯ. ಅಮ್ಮನನ್ನು ಕೇಳಿದೆ. “ಕಾಯಿಲೆ ಬರತ್ತೆ ಅಂತ ಮರ್ಯಾದೆ ಬಿಡಕ್ಕಾಗತ್ತೇನೇ?” ಎಂದರು. ಅಮ್ಮನ ಪ್ರಕಾರ ವೈರಸ್ಸಿಗೂ ಒಂದು ನೀತಿ ಇದೆ. ಒಳ್ಳೆಯ ಉದ್ದೇಶದಿಂದ ಕೊಟ್ಟ ಸಕ್ಕರೆಯ ಮೇಲೆ ಅದು ಕೂರುವುದಿಲ್ಲ.

ನಾನು ನಡುದಾರಿ ಹಿಡಿದೆ. ಡಬ್ಬವನ್ನು ಸೋಪಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಅದ್ದಿ, ಹಿತ್ತಿಲಲ್ಲಿ ಛತ್ರಿಯ ಹಾಗೆ ತಿರುಗುವ ಬಟ್ಟೆ ಒಣಗಿಸುವ ಕಂಬಕ್ಕೆ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟೆ. ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು, ಹೊಸ ಪೊಟ್ಟಣ ಒಡೆದು ಸಕ್ಕರೆ ಸುರಿದೆ. ಪ್ರಯೋಗಾಲಯದಲ್ಲಿ ನಾನು ಇಷ್ಟು ಶುದ್ಧವಾಗಿ ಕೆಲಸ ಮಾಡಿದ್ದರೆ ಈ ಹೊತ್ತಿಗೆ ಪ್ರಬಂಧ ಮುಗಿದಿರುತ್ತಿತ್ತು. ಬಕೆಟ್ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಆಂಟಿಯ ದನಿ: “ಎಂತ ಮಾರಾಯ್ತಿ, ಸಕ್ಕರೆ ಕಾಯಿಲೆಯವರ ಮನೆಗೆ ಸಕ್ಕರೆ ಕಳಿಸ್ತೀಯಾ? ನಿನಗೆ ನಮ್ಮ ಮೇಲೆ ಎಂತಾದ್ರೂ ಸಿಟ್ಟುಂಟಾ?” ಹಿಂದಿನಿಂದ ಅಂಕಲ್ ಆಸೆಯಿಂದ, “ಇರಲಿ ಇರಲಿ, ವಾಪಸ್ ಕೊಡಬೇಡ, ಹುಡುಗಿ ಬೇಜಾರು ಮಾಡ್ಕೊಳ್ತಾಳೆ,” ಎಂದದ್ದೂ ಕೇಳಿಸಿತು.

ಮರುದಿನ ಚಹಾಪುಡಿ ಕಳಿಸಿದೆ. ಅದಕ್ಕೆ ಪ್ರತಿಯಾಗಿ ಬಸಳೆ ಸಾಂಬಾರು, ಅನ್ನ, ಹಪ್ಪಳ ಇಳಿದವು. ನನ್ನ ಕೊಡುಗೆ ಚಿಕ್ಕದಾಯಿತೆಂದು ಒಣದ್ರಾಕ್ಷಿ ಕಳಿಸಿದೆ, ಪಾಯಸ ಬಂತು. ನಾನು ಏನು ಹಾಕಿದರೂ ಅದು ಮೇಲೆ ಹೋಗಿ ದೊಡ್ಡದಾಗಿ ಇಳಿಯುತ್ತಿತ್ತು. ಹೀಗೆ ನನ್ನ ಅಡುಗೆಮನೆಯ ಕಪಾಟು ಖಾಲಿಯಾಗುತ್ತ, ನಾನು ದಪ್ಪಗಾಗುತ್ತ ಬಂದೆವು. ಒಂದು ದುರ್ಬಲ ಕ್ಷಣದಲ್ಲಿ, ಇಡೀ ದೇಶ ಕಾದಾಡುತ್ತಿರುವ ವಸ್ತು ನನ್ನಲ್ಲಿದೆಯಲ್ಲ, ಅದನ್ನೇ ಒಂದು ಸುರುಳಿ ಡಬ್ಬದಲ್ಲಿಟ್ಟು ಕಳಿಸಲೇ ಎಂದು ಯೋಚಿಸಿದೆ. ಅನ್ನದ ಪಾತ್ರೆಯಲ್ಲಿ ಅದು! ರದ್ದಾದ ವಿಮಾನವನ್ನೇ ಹಿಡಿದು ಅಮ್ಮ ಬಂದುಬಿಟ್ಟಾರು ಎನಿಸಿ ಕೈ ಹಿಂದೆಗೆದೆ. ಆಮೇಲೆ ಒಂದಷ್ಟನ್ನು ಮಾಮೂಲಿ ಚೀಲದಲ್ಲಿ ಕಟ್ಟಿ ಕಳಿಸಿದೆ. ಆಂಟಿ ಅದನ್ನು ಎದುರುಮನೆಯ ನಾಯಿಯವರಿಗೆ ಕೊಟ್ಟರಂತೆ. ಅಂದಿನಿಂದ ಅವರು ನನ್ನ ಬಕೆಟ್ಟಿಗೆ ದೂರದಿಂದಲೇ ಹ್ಯಾಟು ಎತ್ತುತ್ತಿದ್ದರು.

ಕೊನೆಗೆ ಉಳಿದದ್ದು ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟು. ರಾಗಿ ಅರಳು, ಹುರಿಗಡಲೆ, ಕೊಬ್ಬರಿ, ಏಲಕ್ಕಿ, ಬೆಲ್ಲ ಎಲ್ಲ ಸೇರಿಸಿ ಬೀಸಿದ್ದು. ವಿಮಾನ ನಿಲ್ದಾಣದ ಅಧಿಕಾರಿಯೊಬ್ಬರು ಅದನ್ನು ಬಹಳ ಹೊತ್ತು ಅಲ್ಲಾಡಿಸಿ ನೋಡಿ, ನನ್ನ ಮುಖವನ್ನೂ ನೋಡಿ, ಇಷ್ಟು ಸಪ್ಪೆ ಹುಡುಗಿ ಏನು ತಾನೆ ತಂದಾಳು ಎಂಬಂತೆ ಬಿಟ್ಟುಕೊಟ್ಟಿದ್ದರು. ಅದನ್ನು ಡಬ್ಬದ ತುಂಬ ಹಾಕಿ ಕಳಿಸಿದೆ. ಬಿಸಿ ಹಾಲಿನಲ್ಲಿ ಕಲಸಿಕೊಂಡು ತಿನ್ನಬೇಕು ಎಂದು ಹೇಳುವುದು ಹೊಳೆಯಲೇ ಇಲ್ಲ; ಹುರಿಹಿಟ್ಟು ಗೊತ್ತಿಲ್ಲದ ಕನ್ನಡಿಗರಿರಬಹುದೆಂದು ನಮ್ಮ ತುಮಕೂರಿನಲ್ಲಿ ಯಾರೂ ಕಲಿಸಿರಲಿಲ್ಲ. ಆಂಟಿ ಮೆಸೇಜು ಮಾಡಿದರು: “ಪುಡಿ ಸಿಕ್ಕಿತು. ಮುಖಕ್ಕೆ ಹಚ್ಚುದಾ, ತಲೆಗಾ?” ನಾಚಿಕೆಯಾಗಿ, “ತಿನ್ನುವುದು ಆಂಟಿ,” ಎಂದಷ್ಟೇ ಉತ್ತರಿಸಿದೆ.

ಎರಡು ದಿನ ಕಳೆದಿರಬೇಕು. ಸಂಜೆ ಮೇಲಿನ ಹಲಗೆಗಳ ಸಂದಿನಿಂದ ಒಂದು ಕೆಮ್ಮು ಕೇಳಿಸಿತು. ಒಣಕೆಮ್ಮು. ನಿಂತಿತು. ಮತ್ತೆ ಬಂತು, ಈ ಸಲ ಉಸಿರು ಸಿಕ್ಕಿಹಾಕಿಕೊಂಡ ಹಾಗೆ. ಆ ದಿನಗಳಲ್ಲಿ ಒಣಕೆಮ್ಮು ಎಂಬ ಪದ ಕೇಳಿದರೆ ಸಾಕು, ಕೇಳಿದವರಿಗೇ ಗಂಟಲು ಕೆರೆಯುತ್ತಿತ್ತು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ತಲೆ ಎತ್ತಿ ನಿಂತೆ. ಸಕ್ಕರೆ, ಚಹಾಪುಡಿ, ದ್ರಾಕ್ಷಿ, ಹಿಟ್ಟು ಎಲ್ಲವೂ ಕಣ್ಣ ಮುಂದೆ ಸಾಲಾಗಿ ಮೆಟ್ಟಿಲು ಹತ್ತಿ ಹೋದವು. ಆಂಟಿಗೆ ಮೆಸೇಜು ಮಾಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಲು ಬೇಡಿಕೊಂಡೆ. ಮನೆಯಲ್ಲಿ ವಿದೇಶದಿಂದ ಬಂದವಳು ಇದ್ದಾಳೆಂದು ತಿಳಿದ ಡಾಕ್ಟರು, ಬೆಳಿಗ್ಗೆಯೇ ಪರೀಕ್ಷೆ ಮಾಡಿಸಿ ಎಂದರಂತೆ. ಮಾಸ್ಕಿನೊಳಗೆ ಅರ್ಧ ಮುಖ ಮುಚ್ಚಿಕೊಂಡ ಅಂಕಲ್ ಕಾರು ಹತ್ತುವುದನ್ನು ಕಿಟಕಿಯ ಪರದೆಯ ಅಂಚಿನಿಂದ ನೋಡಿದೆ. ಕೈ ಬೀಸಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಬೀಸಲಿ?

ಫಲಿತಾಂಶ ಮರುದಿನ ಎಂದಿದ್ದರು. ನಾನು ಎಲ್ಲ ವ್ಯಾಕರಣವನ್ನೂ ಸರಿಮಾಡಿ ಒಂದು ಉದ್ದನೆಯ ಸಂದೇಶ ಬರೆದೆ: ಇದು ನಾನು ಕಳಿಸಿದ ಡಬ್ಬದಿಂದಲೇ ಆಗಿರಬಹುದು, ನನ್ನನ್ನು ಕ್ಷಮಿಸಿ, ದಯವಿಟ್ಟು ಇನ್ನು ಮುಂದೆ ಊಟ ಕಳಿಸಬೇಡಿ, ಬಿಸ್ಕತ್ತು ಇದೆ, ನಡೆಯುತ್ತದೆ. ಬಿಸ್ಕತ್ತು ಇರಲಿಲ್ಲ. ಅಂಗಳದ ಮರದಲ್ಲಿ ಗಿಳಿಗಳ ಸಂಜೆಯ ಗಲಾಟೆ ಶುರುವಾದ ಹೊತ್ತಿಗೆ ಬಾಗಿಲಾಚೆ ಸಪ್ಪಳವಾಯಿತು. ಹೊರಗೆ ಬಂದು ನೋಡಿದರೆ ಬಕೆಟ್ಟು, ಅದರಲ್ಲಿ ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ, ತೆಂಗಿನಕಾಯಿ ಚಟ್ನಿ.

“ಆಂಟಿ, ನನ್ನ ಮೆಸೇಜು ನೋಡಿದ್ರಾ?” ಎಂದೆ. ಮೇಲೆ ನೋಡುವ ಧೈರ್ಯವಾಗಲಿಲ್ಲ, ಬಕೆಟ್ಟಿಗೇ ಹೇಳಿದೆ.

“ನೋಡಿದೆ. ಕ್ಷಮೆ ಕೇಳುದೆಲ್ಲ ಊಟ ಆದ ಮೇಲೆ. ಮೊದಲು ಡಬ್ಬ ತೆಗಿ, ಹಗ್ಗ ಹಿಡ್ಕೊಂಡು ನನ್ನ ಕೈ ನೋಯ್ತದೆ.”

“ಅಂಕಲ್‌ಗೆ ಏನಾದ್ರೂ ಆದ್ರೆ...”

“ಆದ್ರೆ ಆಗ ನೋಡುವ. ಅಷ್ಟರವರೆಗೆ ನೀನು ಉಪವಾಸ ಇದ್ರೆ ಅವರ ಕೆಮ್ಮು ಕಡಿಮೆ ಆಗ್ತದಾ? ಕಲಿತವಳಲ್ವಾ ನೀನು?”

ಆ ಗಂಜಿಯನ್ನು ನಾನು ಹೇಗೆ ತಿಂದೆ ಎಂಬುದನ್ನು ಬರೆಯುವುದಿಲ್ಲ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು; ಅದು ಆಂಟಿಯ ತಪ್ಪಲ್ಲ. ನನ್ನಿಂದ ಕೆಡುಕಾಗಿರಬಹುದೆಂದು ಗೊತ್ತಿದ್ದೂ ಒಬ್ಬರು ನನ್ನ ಹಸಿವಿನ ಬಗ್ಗೆ ಯೋಚಿಸಿದ್ದರು. ನಾನಾಗಿದ್ದರೆ ಹಗ್ಗ ಸುತ್ತಿಡುತ್ತಿದ್ದೆನೇನೋ, ಅದೂ ಬಹಳ ಸಭ್ಯವಾದ ಒಂದು ಸಂದೇಶದ ಜೊತೆಗೆ.

ಮರುದಿನ ಮಧ್ಯಾಹ್ನ ಮೇಲೆ ಫೋನ್ ರಿಂಗಣಿಸಿತು. ಕುರ್ಚಿ ಎಳೆದ ಸದ್ದು, ಕೊಂಕಣಿಯಲ್ಲಿ ನನಗರ್ಥವಾಗದ ಮಾತು, ಆಮೇಲೆ ಆಂಟಿ ಗಟ್ಟಿಯಾಗಿ ದೇವರನ್ನು ಕರೆದದ್ದು. ಸಂತೋಷಕ್ಕೂ ದುಃಖಕ್ಕೂ ಆಂಟಿ ದೇವರನ್ನು ಒಂದೇ ಧಾಟಿಯಲ್ಲಿ ಕರೆಯುವುದರಿಂದ ನಾನು ಬಾಗಿಲು ತೆರೆದು ಅಂಗಳಕ್ಕೆ ಓಡಿದೆ.

“ನೆಗೆಟಿವ್!” ಎಂದು ಆಂಟಿ ವೆರಾಂಡದ ಕಂಬಿ ಹಿಡಿದು ಕೂಗಿದರು. ಎದುರುಮನೆಯ ನಾಯಿ ಬೊಗಳಿತು. “ಕೆಮ್ಮು ಎಲ್ಲಿಂದ ಬಂತು ಗೊತ್ತುಂಟಾ? ಕೇಳು ಇವರನ್ನೇ. ಈಗಷ್ಟೇ ಉಗ್ರಾಣದಲ್ಲಿ ಹಿಡಿದೆ, ಮೀಸೆಗೆಲ್ಲ ನಿನ್ನ ಪುಡಿ!”

ಅಂಕಲ್ ಆಂಟಿಯ ಹಿಂದೆ ಬಂದು ನಿಂತರು. ಮೀಸೆಯ ಒಂದು ತುದಿ ಇನ್ನೂ ಕಂದು ಬಣ್ಣಕ್ಕಿತ್ತು. “ಬಹಳ ರುಚಿ ಉಂಟು ಮಾರಾಯ್ತಿ,” ಎಂದರು ನನ್ನನ್ನು ನೋಡಿ. “ಇವಳು ಅದರಲ್ಲಿ ಬೆಲ್ಲ ಉಂಟು ಅಂತ ಮುಚ್ಚಿಟ್ಟಿದ್ಲು. ಇವಳು ಸಂಜೆ ಪ್ರಾರ್ಥನೆಗೆ ಕೂತಾಗ ನಾನು ಒಂದೊಂದು ಚಮಚ... ಬಾಯಿಗೆ ಹಾಕಿದ ಕೂಡಲೇ ಒಳಗೆ ಹೋಗುದಿಲ್ಲ ಅದು, ಮೂಗಿಗೆ ಹೋಗ್ತದೆ.”

“ಆಪರೇಶನ್ ಆದ ಎದೆ! ಮೂಗಿನೊಳಗೆ ಕಡ್ಡಿ ಹಾಕಿಸ್ಕೊಂಡ್ರು, ಆದ್ರೂ ಬಾಯಿ ಬಿಡ್ಲಿಲ್ಲ ನೋಡು!”

“ಬಿಟ್ರೆ ಡಬ್ಬ ಹೋಗ್ತಿತ್ತಲ್ಲ?”

ನಾನು ನಕ್ಕೆ. ತುಮಕೂರಿನ ಯಾವ ಮಗುವಿಗಾದರೂ ಗೊತ್ತು, ಒಣ ಹುರಿಹಿಟ್ಟನ್ನು ಬಾಯಿಗೆ ಹಾಕಿಕೊಂಡು ಉಸಿರಾಡಬಾರದು ಎಂದು. ಅಂತೂ ಅಂಕಲ್‌ರ ಕೆಮ್ಮಿಗೆ ಕಾರಣ ನಾನು ಕಳಿಸಿದ ಡಬ್ಬವೇ ಎಂಬ ನನ್ನ ಸಂಶೋಧನೆ ಸಂಪೂರ್ಣ ಸರಿಯಾಗಿತ್ತು. ನಾನು ಇಷ್ಟು ವರ್ಷ ಕಲಿತದ್ದರಲ್ಲಿ ಇಷ್ಟು ಖಚಿತವಾಗಿ ಸಾಬೀತಾದದ್ದು ಬೇರೊಂದಿಲ್ಲ. ನಗುತ್ತಲೇ ಅಲ್ಲೇ ಹುಲ್ಲಿನ ಮೇಲೆ ಕೂತೆ. ಮೇಲಿನಿಂದ ಇಬ್ಬರೂ ಬಗ್ಗಿ ನೋಡುತ್ತಿದ್ದರು; ನನಗೆ ಅದು ಮುಜುಗರವೆನಿಸಲಿಲ್ಲ. ಬಂದಾಗಿನಿಂದ ನಾನು ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಪ್ಲಾಸ್ಟಿಕ್ ಕುರ್ಚಿಯನ್ನು ಕೋಣೆಯಿಂದ ಎಳೆದು ತಂದು, ಮೇಲಿನವರಿಗೂ ಬೀದಿಯವರಿಗೂ ಚೆನ್ನಾಗಿ ಕಾಣುವಂತೆ ಅಂಗಳದ ಮಧ್ಯೆ ಹಾಕಿಕೊಂಡು ಕೂತೆ. ಮೆಸೇಜು ಮಾಡಲು ಫೋನ್ ತೆಗೆದೆ, ಮತ್ತೆ ಒಳಗಿಟ್ಟೆ. ತಲೆ ಎತ್ತಿ, ಜೀವನದಲ್ಲಿ ಮೊದಲ ಬಾರಿಗೆ, ಹೊರಗಿನವರೊಬ್ಬರನ್ನು ಗಟ್ಟಿಯಾಗಿ ಕೂಗಿ ಕೇಳಿದೆ: “ಆಂಟೀ, ಹಸಿವಾಗ್ತಿದೆ! ತಿಂಡಿ ಏನು ಮಾಡಿದ್ದೀರಿ?”